ಸಂತೋಷ್ ಟ್ರೋಫಿ ಮತ್ತು ನಮ್ಮ ಮೈಸೂರು ತಂಡ

ರಾಜ್ಯಗಳ ನಡುವಿನ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯವು ಐದು ಬಾರಿ ಗೆದ್ದಿದೆಯೆಂದರೆ ನನ್ನ ಹಳೆಯ ವಿದ್ಯಾರ್ಥಿಗಳೇ ಹುಬ್ಬೇರಿಸುತ್ತಾರೆ. ಅವರಿಗೆ ಕರ್ನಾಟಕವೆಂದರೆ ಕ್ರಿಕೆಟ್! ಮೊದಲ ನಾಲ್ಕು ಗೆಲುವುಗಳು ಮೈಸೂರು ಎಂಬ ಹೆಸರಿನಲ್ಲಿ ಬಂದವು: 1946-47, 1952-53, 1967-68, 1968-69. ನಾಲ್ಕೂ ಫೈನಲ್‌ಗಳಲ್ಲಿ ಸೋತದ್ದು ಬಲಾಢ್ಯ ಬಂಗಾಳ.

ಆಗಿನ ಬೆಂಗಳೂರು ದಂಡುಪ್ರದೇಶವು ಅಪ್ರತಿಮ ಆಟಗಾರರನ್ನು ಬೆಳೆಸಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹಮದ್ ಖಾನ್ ಕೂಡ ಇಲ್ಲಿಯವರೇ. ಆದರೆ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಅಲ್ಲಿಯ ‘ಪಂಚಪಾಂಡವ’ರಲ್ಲಿ ಒಬ್ಬರಾದರು. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಅರುಮೈನಾಯಗಂ ಮೋಹನ್ ಬಾಗಾನ್ ಪಾಲಾದರು. ಹೊಲ ನಮ್ಮದು, ಕಣಜ ಬಂಗಾಳದ್ದು! ಹೆಸರಾಂತ ಕ್ಲಬ್ಬುಗಳೂ ತುಂಬಿದ ಮೈದಾನಗಳೂ ಅಲ್ಲಿದ್ದಾಗ ಆಟಗಾರರನ್ನು ದೂರುವುದು ನ್ಯಾಯವಲ್ಲ.

ರಾಜ್ಯಕ್ಕೆ ಹೊಸ ಹೆಸರು ಬಂದ ಮೇಲೆ 1975-76ರಲ್ಲಿ ಫೈನಲ್ ತಲುಪಿ ಬಂಗಾಳಕ್ಕೇ ಸೋತೆವು. ಅನಂತರ 47 ವರ್ಷ ಫೈನಲ್ಲಿನ ಮುಖವನ್ನೂ ಕಾಣಲಿಲ್ಲ.

2023ರ ಮಾರ್ಚ್ 4ರಂದು ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕವು ಟ್ರೋಫಿ ಎತ್ತಿತು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಕೊನೆಯ ಬಾರಿ ಗೆದ್ದದ್ದು ನಿವೃತ್ತನಾದ ಮೇಲೆ ಮರಳಿ ಬಂದಿತು. ವಿರಾಮಕ್ಕೆ ಮುನ್ನ ರಾಬಿನ್ ಯಾದವ್ ಫ್ರೀ ಕಿಕ್‌ನಲ್ಲಿ ಹೊಡೆದ ಮೂರನೆಯ ಗೋಲು ಕೊನೆಗೆ ನಮ್ಮನ್ನು ಕಾಯಿತು.