ಎಲೆಯ ಹಿಂದಿನ ನುಸಿ

ಬೆಟಗೇರಿಯ ನಮ್ಮ ಮನೆಯ ಕಿಟಕಿಯ ಒಳಗೆ ಒಂದು ಕುಂಡದ ಗುಲಾಬಿ ಇತ್ತು. ಒಂದು ಏಪ್ರಿಲ್‌ನಲ್ಲಿ ಅದರ ಎಲೆಗಳ ಮೇಲೆ ಸೂಜಿಯಿಂದ ಚುಚ್ಚಿದಂಥ ಬಿಳಿ ಚುಕ್ಕೆ ಮೂಡಿದವು, ಆಮೇಲೆ ಎಲೆಗಳೇ ಬಿಳಿಚಿಕೊಂಡವು. “ಬಿಸಲ ಝಳಾ ಬಡದೈತಿ, ನೀರ ಹೆಚ್ಚಿಗಿ ಹಾಕು” ಅಂದಳು ಅವ್ವ. ಹಾಕಿದೆ. ವಾರದಲ್ಲಿ ಚಿಗುರಿನ ತುದಿಗೆ ತೆಳ್ಳನೆ ಬಲೆ ಕಟ್ಟಿತ್ತು. ಅಂಗಡಿಯಿಂದ ಕೀಟನಾಶಕ ತಂದು ಸಿಂಪಡಿಸಿದೆ. ಕೆಲವು ದಿನ ಸುಮ್ಮನಿದ್ದ ಬಲೆ ಆಮೇಲೆ ಇಡೀ ಗಿಡವನ್ನೇ ಆವರಿಸಿತು. ಮಳೆ ಬರುವ ಹೊತ್ತಿಗೆ ಗುಲಾಬಿ ಸತ್ತಿತ್ತು. ಮದ್ದು ಹಾಕಿದ ಮೇಲೆ ರೋಗ ಹೆಚ್ಚಿದ್ದು ಯಾಕೆ ಎಂಬ ಪ್ರಶ್ನೆ ನನ್ನನ್ನು ಹಳೆಯ ಪುಸ್ತಕಗಳವರೆಗೆ ಕರೆದೊಯ್ದಿತು.

ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ವೃಕ್ಷಾಯುರ್ವೇದದ ಒಂದು ಅಧ್ಯಾಯವಿದೆ. ಎಲೆ ಬಿಳಿಚುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ರೋಗದ ಲಕ್ಷಣಗಳು ಎನ್ನುತ್ತಾನೆ. ಕಾರಣ? ಚಳಿ, ಗಾಳಿ, ಬಿಸಿಲು. ಅವ್ವನ ಮಾತಿಗೆ ಸುಮಾರು 1500 ವರ್ಷಗಳ ಹಿನ್ನೆಲೆ ಇತ್ತು! ರೋಗ ತಗುಲಿದ ಭಾಗ ಕತ್ತರಿಸಿ, ವಾಯುವಿಳಂಗ, ತುಪ್ಪ, ಕೆಸರು ಕಲಸಿ ಹಚ್ಚಿ, ಹಾಲು ಬೆರೆಸಿದ ನೀರು ಹಾಕಬೇಕು ಎಂಬುದು ಅವನ ಚಿಕಿತ್ಸೆ.

ಈ ವಿದ್ಯೆ ಕನ್ನಡದಲ್ಲೂ ಪುಸ್ತಕವಾಯಿತು. ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ‘ಲೋಕೋಪಕಾರ’ ಬರೆದ. ಅಡುಗೆ, ಸುಗಂಧ, ಅಂತರ್ಜಲದ ಜೊತೆಗೆ ಗಿಡಗಳ ಆರೈಕೆಗೂ ಅಲ್ಲಿ ಜಾಗವಿದೆ. ಇಂದಿನ ಲಕ್ಷ್ಮೇಶ್ವರ ಅಂದು ಪುಲಿಗೆರೆ, ಚಾಲುಕ್ಯರ ನಾಡು. ಅಲ್ಲಿಯ ತಿರುಳ್ಗನ್ನಡದಲ್ಲಿ ಬರೆದೆನೆಂದು ಪಂಪ ಹೇಳಿಕೊಂಡಿದ್ದ. ಅವನ ನಂತರ ನೂರು ವರ್ಷದೊಳಗೆ ಕನ್ನಡ ಗಿಡದ ಮದ್ದಿಗೂ ಒದಗಿತು.

ಆದರೆ ನನ್ನ ಗುಲಾಬಿಯನ್ನು ಕೊಂದದ್ದು ಬರಿಗಣ್ಣಿಗೆ ಸಿಗುವುದೇ ಕಷ್ಟ. ಬೆಳೆದ ಹೆಣ್ಣು ನುಸಿಯ ಉದ್ದ ಸುಮಾರು ಅರ್ಧ ಮಿಲಿಮೀಟರ್. ಜರ್ಮನಿಯ ಸಿ. ಎಲ್. ಕಾಖ್ 1836ರಲ್ಲಿ ಅದಕ್ಕೆ ಟೆಟ್ರಾನಿಕಸ್ ಅರ್ಟಿಸೀ ಎಂದು ಹೆಸರಿಟ್ಟ. ಎಂಟು ಕಾಲಿನ ಇದು ಕೀಟವಲ್ಲ, ಜೇಡದ ಬಳಗ. ಎಲೆಯ ಅಡಿಯಲ್ಲಿ ಕೂತು ರಸ ಹೀರುತ್ತದೆ. ಆ ಬಿಳಿ ಚುಕ್ಕೆಗಳು ಅದರ ಗುರುತು. ಬಿಸಿ, ಒಣ ಹವೆಯಲ್ಲಿ ಮೊಟ್ಟೆಯಿಂದ ಪ್ರಾಯಕ್ಕೆ ಬರಲು ಸುಮಾರು ಒಂದು ವಾರ ಸಾಕು. ಮುಂಡರಗಿ, ಶಿರಹಟ್ಟಿ ಕಡೆ ಮೆಣಸಿನಕಾಯಿಗೆ ಮುಟುರು ರೋಗ ತರುವ ನುಸಿ ಬೇರೆ ಜಾತಿಯದು. ಬಿಸಿಲಿನ ಮೇಲೆ ಹೊರಿಸಿದ ತಪ್ಪು ಪೂರ್ತಿ ಸುಳ್ಳಲ್ಲ. ಬಿಸಿಲು ರೋಗ ತರಲಿಲ್ಲ, ರೋಗ ತಂದವರ ಸಂಸಾರ ಬೆಳೆಸಿತು.

ಇನ್ನು ನನ್ನ ಕೀಟನಾಶಕ. 1939ರಲ್ಲಿ ಪಾಲ್ ಮುಲ್ಲರ್ ಡಿಡಿಟಿಯ ಕೀಟ ಕೊಲ್ಲುವ ಗುಣ ಕಂಡುಹಿಡಿದ. 1948ರಲ್ಲಿ ನೊಬೆಲ್ ಬಂತು. ಎರಡನೆಯ ಮಹಾಯುದ್ಧದ ನಂತರ ತೋಟಗಳಿಗೆ ಡಿಡಿಟಿ ಹೊಡೆದಲ್ಲೆಲ್ಲ ಕೀಟಗಳು ಸತ್ತವು, ನುಸಿ ಹೆಚ್ಚಿತು. ನುಸಿಯನ್ನು ತಿಂದು ಬದುಕುವ ಬೇರೆ ನುಸಿ, ಸಣ್ಣ ಜೀರುಂಡೆಗಳನ್ನು ಆ ವಿಷ ಕೊಂದಿತ್ತು. ಅದುವರೆಗೆ ಅಷ್ಟೇನೂ ಕಾಡದಿದ್ದ ಪ್ರಾಣಿ ದೊಡ್ಡ ಪೀಡೆಯಾಯಿತು. ನಾನು ಕಿಟಕಿಯಲ್ಲಿ ಮಾಡಿದ್ದೂ ಅದನ್ನೇ ಇರಬೇಕು: ಕೀಟದ ಮದ್ದಿಗೆ ನುಸಿ ಜಗ್ಗಲಿಲ್ಲ.

ಬೇವಿನ ಕಥೆ ಬೇರೆ. ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕದಡಿ ಸಿಂಪಡಿಸಿದರೆ ಮಿಡತೆ ಬೆಳೆ ಮುಟ್ಟುವುದಿಲ್ಲವೆಂದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1962ರಲ್ಲಿ ತೋರಿಸಿದರು. ಶಿಲೀಂಧ್ರಕ್ಕೆ ಬೇವಿನೆಣ್ಣೆ ಬಳಸುವ ಕ್ರಮಕ್ಕೆ ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಕೊಟ್ಟ ಹಕ್ಕು, ಅದು ಮೊದಲೇ ಬಳಕೆಯಲ್ಲಿತ್ತೆಂಬ ಕಾರಣಕ್ಕೆ 2000ದಲ್ಲಿ ರದ್ದಾಯಿತು. ಆ ಗೆಲುವು ಬೇವಿನೆಣ್ಣೆಯನ್ನು ಪವಾಡವನ್ನಾಗಿ ಮಾಡುವುದಿಲ್ಲ. ಎಣ್ಣೆ ತಾಗಿದ ನುಸಿ ಸಾಯುತ್ತದೆ. ಉಳಿದ ಮೊಟ್ಟೆ ಮತ್ತೆ ಒಡೆಯುತ್ತವೆ.

ಈಗ ಅದೇ ಕಿಟಕಿಯಲ್ಲಿ ದಾಸವಾಳ ಇದೆ. ಎಲೆ ಮಂಕಾದರೆ ಅಡಿಯಲ್ಲಿ ಬಿಳಿ ಹಾಳೆ ಹಿಡಿದು ಮೆಲ್ಲಗೆ ತಟ್ಟುತ್ತೇನೆ. ಬಿದ್ದ ಚುಕ್ಕೆಗಳು ಹರಿದಾಡಿದರೆ ನುಸಿ. ಆಗ ಗಿಡವನ್ನು ಬೇರೆ ಕುಂಡಗಳಿಂದ ದೂರವಿಟ್ಟು, ಹೆಚ್ಚು ಕೆಟ್ಟ ಎಲೆ ಕತ್ತರಿಸಿ, ಎಲೆಗಳ ಅಡಿಭಾಗವನ್ನು ನೀರಿನಿಂದ ಚೆನ್ನಾಗಿ ತೊಳೆಯುತ್ತೇನೆ. ಸಂಜೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪಿನ ನೀರು ಬೆರೆಸಿ, ಮೊದಲು ಒಂದೇ ಎಲೆಗೆ ಸಿಂಪಡಿಸಿ ನೋಡಿ, ಆಮೇಲೆ ಇಡೀ ಗಿಡಕ್ಕೆ. ಐದಾರು ದಿನಕ್ಕೊಮ್ಮೆ, ಮೂರು ಸಲ. ಮೊದಲ ಸಲಕ್ಕೇ ಗೆದ್ದೆ ಎಂದು ನಿಲ್ಲಿಸಿದರೆ ಮೊಟ್ಟೆಗಳು ಗೆಲ್ಲುತ್ತವೆ.

ಅವ್ವ ಈಗಲೂ ಬಿಸಿಲನ್ನೇ ಬೈಯುತ್ತಾಳೆ. ಆದರೆ ಎಲೆ ತೊಳೆಯುವಾಗ ಕುಂಡ ಹಿಡಿದುಕೊಳ್ಳುವವಳು ಅವಳೇ.