ದೃಶ್ಯತುಣುಕು ಮತ್ತು ಆಟ (ಸಮಾಜ ವಿಜ್ಞಾನ ಬೋಧನೆಯಲ್ಲಿ)

ಕಿರು ವಿಡಿಯೊ ಹಾಗೂ ಆಟಗಳ ನೆರವಿನಿಂದ ಇತಿಹಾಸ, ಭೂಗೋಳ, ಪೌರನೀತಿ ಕಲಿಸುವ ವಿಧಾನ. ಶಾಲೆಗೆ ಪರದೆ ಬಂದದ್ದು ಇತ್ತೀಚೆಗಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಟಿ.ವಿ. ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಮಕ್ಕಳಿಗೆ ಬೆಳಿಗ್ಗೆ ಶಾಲಾ ಕಾರ್ಯಕ್ರಮ ಸಿಗುತ್ತಿತ್ತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯ ‘ಸಂವೇದ’ ಪಾಠಗಳು ಮನೆಮನೆಗೆ ತಲುಪಿದವು.

ತುಣುಕಿನ ಬಲ ಅದನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದರಲ್ಲಿದೆ. ರಾಷ್ಟ್ರಕೂಟರ ಪಾಠಕ್ಕೆ ಎಲ್ಲೋರದ ಕೈಲಾಸ ದೇವಾಲಯ ತಕ್ಕ ಉದಾಹರಣೆ. 8ನೇ ಶತಮಾನದಲ್ಲಿ ಒಂದನೆಯ ಕೃಷ್ಣನ ಕಾಲದ್ದೆನ್ನುವ ಈ ಗುಡಿಯನ್ನು ಮೇಲಿನಿಂದ ತೋರಿಸಿ, ಚಿತ್ರ ನಿಲ್ಲಿಸಿ, “ಉಳಿಯ ಮೊದಲ ಏಟು ಎಲ್ಲಿ ಬಿದ್ದಿರಬೇಕು?” ಎಂದು ಕೇಳಬೇಕು. ಹೆಚ್ಚಿನ ಮಕ್ಕಳು ಬುಡವನ್ನು ತೋರಿಸುತ್ತಾರೆ. ಕೆತ್ತನೆ ಶುರುವಾದದ್ದು ಶಿಖರದಿಂದ.  ಇದೇ ತುಣುಕಿನಿಂದ ಕನ್ನಡ ನಾಡಿನ ಹಳೆಯ ಎಲ್ಲೆಯ ಮಾತಿಗೂ ಹೋಗಬಹುದು: ಎಲ್ಲೋರವಿರುವ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಎಂಬ ತಾಲ್ಲೂಕೇ ಉಂಟು. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯೆಂದ ಗೋದಾವರಿ ಹುಟ್ಟುವುದು ನಾಸಿಕ್ ಬಳಿಯ ತ್ರ್ಯಂಬಕೇಶ್ವರದಲ್ಲಿ. ಇಷ್ಟನ್ನು ನಕ್ಷೆಯ ಮೇಲೆ ಗುರುತಿಸಿದರೆ ಒಂದು ಪಾಠ ಪೂರ್ತಿಯಾಗುತ್ತದೆ.

ಆಟಕ್ಕೆ ಖರ್ಚಿಲ್ಲ. ಅಂಗಳದಲ್ಲಿ ಸೀಮೆಸುಣ್ಣದಿಂದ ಕರ್ನಾಟಕದ ನಕ್ಷೆ ಬರೆದು ಕುಂಟೆಬಿಲ್ಲೆ ಆಡಿಸಬಹುದು: ಬಿಲ್ಲೆ ಬಿದ್ದ ಜಿಲ್ಲೆಯ ನದಿ, ಬೆಳೆ ಹೇಳಿದವರಿಗೆ ಮುಂದಿನ ಹೆಜ್ಜೆ. ಪೌರನೀತಿಗೆ ಶಾಲಾ ಸಂಸತ್ತಿನ ಚುನಾವಣೆಯಷ್ಟು ಒಳ್ಳೆಯ ಆಟ ಬೇರೆ ಇಲ್ಲ. ಆಟ ಮುಗಿದ ಮೇಲೆ ಹತ್ತು ನಿಮಿಷ ಮಾತುಕತೆ ನಡೆಯದಿದ್ದರೆ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಶಿಕ್ಷಕರು ಅದಕ್ಕೆ ಸಮಯ ಉಳಿಸಿಕೊಳ್ಳಲೇಬೇಕು.