ಅಮೋನಿಯಾ ಒಡೆಯುವ ಲೋಹಗಳು

ಏಕಸಂಬಿಯ ಕಬ್ಬಿನ ಹೊಲಕ್ಕೆ ಹಾಕುವ ಯೂರಿಯಾದ ಮೂಲ ಅಮೋನಿಯಾ ಎಂಬುದು ನಿಮಗೆ ಗೊತ್ತು. ಸ್ವಾತಂತ್ರ್ಯಕ್ಕೂ ಮುಂಚೆಯೇ ಮೈಸೂರು ಬಳಿಯ ಬೆಳಗೊಳದಲ್ಲಿ ಅದು ತಯಾರಾಗುತ್ತಿತ್ತು. ಆದರೆ ಲೋಹದ ಮೇಲೆ ಅಮೋನಿಯಾವನ್ನು ಒಡೆಯುವ ಇತಿಹಾಸ, ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ಇತಿಹಾಸಕ್ಕಿಂತ ಹಳೆಯದು.

1813ರಲ್ಲಿ ಫ್ರಾನ್ಸಿನ ಥೆನಾರ್, ಕಾದ ಲೋಹಗಳ ಮೇಲೆ ಅಮೋನಿಯಾ ಹಾಯಿಸಿದಾಗ ಅದು ನೈಟ್ರೋಜನ್ ಮತ್ತು ಹೈಡ್ರೋಜನ್ ಆಗಿ ಒಡೆಯುವುದನ್ನು ಕಂಡರು. ಅವರು ಪರೀಕ್ಷಿಸಿದ ಲೋಹಗಳಲ್ಲಿ ಕಬ್ಬಿಣವೇ ಚುರುಕು. ನೂರು ವರ್ಷಗಳ ನಂತರ, 1913ರಲ್ಲಿ, ಜರ್ಮನಿಯ ಒಪ್ಪೌ ಕಾರ್ಖಾನೆಯಲ್ಲಿ ಅದೇ ಕಬ್ಬಿಣ ಅಮೋನಿಯಾ ತಯಾರಿಕೆಗೆ ನೆರವಾಯಿತು. ಇದು ವಿರೋಧಾಭಾಸವಲ್ಲ. ಕ್ರಿಯಾವರ್ಧಕವು ಎರಡೂ ದಿಕ್ಕಿನ ಕ್ರಿಯೆಗಳನ್ನು ಚುರುಕುಗೊಳಿಸುತ್ತದೆ. ಸಮತೋಲನವನ್ನು ನಿರ್ಧರಿಸುವುದು ಒತ್ತಡ ಮತ್ತು ಉಷ್ಣತೆ.

ಲೋಹದ ಮೇಲ್ಮೈಗೆ ಅಂಟಿದ ಅಮೋನಿಯಾ ಅಣು ಒಂದೊಂದಾಗಿ ಹೈಡ್ರೋಜನ್ ಕಳೆದುಕೊಳ್ಳುತ್ತದೆ. ಉಳಿದ ನೈಟ್ರೋಜನ್ ಪರಮಾಣುಗಳು ಜೋಡಿಯಾಗಿ ಹೊರಡಬೇಕು. ಕಬ್ಬಿಣ ಅವನ್ನು ಬಿಗಿಯಾಗಿ ಹಿಡಿಯುವುದರಿಂದ ಕ್ರಿಯೆ ಇಲ್ಲೇ ನಿಧಾನವಾಗುತ್ತದೆ. ರುಥೇನಿಯಂನ ಹಿಡಿತ ಹದವಾದದ್ದು. ಆದ್ದರಿಂದ ಅದು ಹೆಚ್ಚು ಸಮರ್ಥ, ಆದರೆ ವಿರಳ, ದುಬಾರಿ. ಇಂತಹ ಮೇಲ್ಮೈ ಕ್ರಿಯೆಗಳ ಅಧ್ಯಯನಕ್ಕಾಗಿ ಗೆರ್ಹಾರ್ಡ್ ಎರ್ಟ್ಲ್ 2007ರಲ್ಲಿ ನೊಬೆಲ್ ಪಡೆದರು.

17 ಗ್ರಾಂ ಅಮೋನಿಯಾದಲ್ಲಿ 3 ಗ್ರಾಂ ಹೈಡ್ರೋಜನ್ ಇದೆ. ಅದನ್ನು ಇಂಧನವಾಗಿ ಹೊರತೆಗೆಯಲು ಅಗ್ಗದ ಲೋಹವೊಂದು ಸಾಕೇ? ಥೆನಾರ್‌ರ ಪ್ರಯೋಗ ಇಂದು ಮತ್ತೆ ಮುಖ್ಯವಾಗಿರುವುದು ಈ ಪ್ರಶ್ನೆಯಿಂದಲೇ.